ಗೋಂದು ಹಚ್ಚಿದ ಪುಟಗಳು

ಬೈಂಡಿಂಗ್ ಅಂಗಡಿ,
ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೆ? ಕೆಮ್ಮು ಹೋಯಿತೇ? ಪಾಳಿ ಮುಗಿಸಿ ಬಂದು ಖಾಲಿ ಹೊಟ್ಟೆಯಲ್ಲೇ ಮಲಗುವ ಚಾಳಿ ಬಿಟ್ಟೆಯೋ ಇಲ್ಲವೋ? ಊರಿನ ರೋಗಿಗಳಿಗೆಲ್ಲ ಹೊತ್ತುಹೊತ್ತಿಗೆ ಮಾತ್ರೆ ಕೊಡುವ ನರ್ಸಮ್ಮ, ನಿನ್ನ ಮೈಯನ್ನೂ ಸ್ವಲ್ಪ ನೋಡಿಕೋ. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಮದುವೆ ಗೊತ್ತಾದಾಗಿನಿಂದ ಅವಳ ಮಂಡಿನೋವು ಎಲ್ಲಿ ಓಡಿಹೋಯಿತೋ ಏನೋ.

"ಅಕ್ಕಾ, ಇವರು ಥೇಟ್ ನಮ್ಮ ದೆವ್ವದ ಪುಸ್ತಕದ ಡಾಕ್ಟರ್ ಥರಾನೇ" ಅಂತ ಮದುವೆ ಗಂಡಿನ ಬಗ್ಗೆ ಬರೆದಿದ್ದೆಯಲ್ಲ, ಓದಿ ಮೊದಲು ನಕ್ಕೆ. ಹೈಸ್ಕೂಲಿನಲ್ಲಿ ಆ ಡಾಕ್ಟರಿಗಾಗಿ ನಾವಿಬ್ಬರೂ ಜಡೆ ಹಿಡಿದು ಜಗಳವಾಡಿದ್ದೆವು. ಆ ಕಾದಂಬರಿಗಳೆಲ್ಲ ಇನ್ನೂ ನನ್ನ ಬಳಿ ಇವೆ. ಹೊಸ ರಟ್ಟು ಹಾಕಿ ಮದುವೆಗೆ ಕೊಡೋಣವೆಂದು ಅಂಗಡಿಗೆ ತಂದೆ, ಹೊಲಿಯುವ ಮೊದಲು ಆ ದೆವ್ವದ ಪುಸ್ತಕ ಓದಲು ಕೂತೆ. ಥೂ! ಇದನ್ನೇ ಏನೇ ನಾವು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದುದು? ಜೋರಾಗಿ ನಗುವ ಹುಡುಗಿ ಮೊದಲು ಸಾಯುತ್ತಾಳೆ, ಹೇಳದೆ ಸಿನಿಮಾಕ್ಕೆ ಹೋದವಳು ಆಮೇಲೆ. ಬಾಯಿ ಮುಚ್ಚಿಕೊಂಡಿದ್ದವಳಿಗೆ ಮಾತ್ರ ಡಾಕ್ಟರ್ ಸಿಗುತ್ತಾನೆ. ಆ ಮಹಾಶಯ ಮಾಡುವುದೇನು? ದೆವ್ವದಿಂದ ಕಾಪಾಡುತ್ತೇನೆಂದು ಅವಳನ್ನು ಅಟ್ಟದ ಕೋಣೆಯಲ್ಲಿ ಕೂಡಿ ಬೀಗ ಜಡಿಯುತ್ತಾನೆ, ಅವಳಿಗೆ ಬಂದ ಕಾಗದ ತಾನೇ ಒಡೆಯುತ್ತಾನೆ, ಪುಟಕ್ಕೊಮ್ಮೆ "ನಿನ್ನ ಒಳ್ಳೇದಕ್ಕೇ" ಅನ್ನುತ್ತಾನೆ. ಅದನ್ನು ಪ್ರೀತಿ ಅಂದುಕೊಂಡು ನಿಟ್ಟುಸಿರು ಬಿಟ್ಟೆವಲ್ಲ, ನಮ್ಮ ಬುದ್ಧಿಗೆ ಬೆಂಕಿ ಬೀಳ!

ದೆವ್ವ ಬಾಯಿ ಬಿಡುವ ಪುಟಗಳನ್ನು ನಾವು ಹೆದರಿ, ಓದದೆಯೇ ಗೋಂದು ಹಚ್ಚಿ ಅಂಟಿಸಿಬಿಟ್ಟಿದ್ದೆವು, ನೆನಪಿದೆಯಾ? ಹೋದ ವಾರ ಹಬೆ ಹಿಡಿದು, ತೆಳು ಚಾಕು ಆಡಿಸಿ ಬಿಡಿಸಿದೆ. ದೆವ್ವ ಯಾರು ಗೊತ್ತೇನೇ? ಅವನ ಮೊದಲ ಹೆಂಡತಿ. ಅದೇ ಅಟ್ಟ, ಅದೇ ಬೀಗ. ಪಾಪ, ಅವಳು ಹೆದರಿಸಲು ಬಂದವಳೇ ಅಲ್ಲ, ಹೊಸಬಳಿಗೆ ಓಡಿಹೋಗು ಅಂತ ಹೇಳಲು ಬಂದವಳು. ಬರೆದ ಪುಣ್ಯಾತ್ಮ ಅವಳನ್ನು ಸುಟ್ಟು ಬೂದಿ ಮಾಡಿ, ಆ ಡಾಕ್ಟರಿಗೆ ಇನ್ನೊಂದು ಮದುವೆ ಮಾಡಿಸಿ ಕೈತೊಳೆದುಕೊಂಡಿದ್ದಾನೆ. ಓದಿ ಮುಗಿಸಿ ಪುಸ್ತಕವನ್ನು ರದ್ದಿಯ ಬುಟ್ಟಿಗೆ ಎಸೆದೆ.

ನಿನ್ನವನು ನಿನ್ನ ರೂಮಿನ ಬೀಗದ ಕೈ ತನ್ನ ಹತ್ತಿರ ಇಟ್ಟುಕೊಂಡಿದ್ದಾನೆ, ಎಷ್ಟು ಕಾಳಜಿ ಅಂತ ಬರೆದಿದ್ದೀಯ. ಮೊದಲ ಹೆಂಡತಿಗೆ ತಲೆ ಕೆಟ್ಟಿತ್ತು, ಅದಕ್ಕೇ ಬಿಟ್ಟುಹೋದಳು ಅಂತಲೂ ಬರೆದಿದ್ದೀಯ. ಅಕ್ಕನಿಗೆ ಹೊಟ್ಟೆಕಿಚ್ಚು ಅಂದುಕೊಂಡರೂ ಸರಿ, ನನಗೆ ಭಯವಾಗಿದೆ. ಈ ಮದುವೆ ಬೇಡ ಪುಟ್ಟಿ.

ಅಮ್ಮ ನಿನ್ನನ್ನು ದಿನಕ್ಕೆ ಹತ್ತು ಸಲ ಹರಸುತ್ತಾಳೆ. ಹೊಟ್ಟೆ ತುಂಬ ಊಟ ಮಾಡು.

ನಿನ್ನ
ಅಕ್ಕ

ತಾ.ಕ.: ಅಮ್ಮನಿಗೆ ಗೊತ್ತಿಲ್ಲ. ಅವನ ಸೋದರತ್ತೆಯನ್ನು ಕಾಡಿಬೇಡಿ ವಿಳಾಸ ಪಡೆದು, ನಿನ್ನೆ ಆ ಮೊದಲನೆಯವಳನ್ನು ನೋಡಿ ಬಂದೆ. ತಲೆ ನೆಟ್ಟಗಿದೆ, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಿನ್ನ ರೂಮಿನ ಬೀಗದ ಕೈ ವಿಷಯ ತೆಗೆದದ್ದೇ ತಡ, ಒಂದೇ ಮಾತು ಕೇಳಿದಳು: "ಬೀಗದ ಕೈ ಆಯ್ತು. ಫೋನ್ ಇನ್ನೂ ಅವಳ ಹತ್ರಾನೇ ಇದೆಯಾ?" ಅದಕ್ಕೇ ಈ ಕಾಗದ ನಿನ್ನ ರೂಮಿಗಲ್ಲ, ವಾರ್ಡಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಒಂದು ವಾರದಿಂದ ನಾನು ಫೋನ್ ಮಾಡಿದಾಗಲೆಲ್ಲ ಎತ್ತುತ್ತಿರುವವನು ಅವನು.