ಕುಂಕುಮ ಕೊಟ್ಟರೆ ದೂರು ವಾಪಸ್ಸೇ?

ಆಸ್ಪತ್ರೆಗಳ ಮೇಲಿನ ದೂರು ವಿಚಾರಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಅಮ್ಮ ನರಸಮ್ಮ ಕೊಟ್ಟ ದೂರನ್ನು ನೀವು ಮುಚ್ಚಿಬಿಟ್ಟಿದ್ದೀರಿ. ‘ದೂರುದಾರರಿಗೆ ಸಮಾಧಾನವಾಗಿದೆ’ ಎಂದು ಕಾರಣವನ್ನೂ ಕೊಟ್ಟಿದ್ದೀರಿ. ಸಮಾಧಾನ ಆಗಿರುವುದು ಯಾರಿಗೆ ಸ್ವಾಮಿ? ನಿಮ್ಮ ಕಚೇರಿಯ ಭಾಷೆ ತಮಿಳಿನಲ್ಲೇ ಬರೆದು ಕೇಳಿದೆ, ಉತ್ತರವಿಲ್ಲ. ಗಡಿಯ ಈಚೆ ಕನ್ನಡ ಆಡುವ ನಮ್ಮ ಬಾಗಲೂರು ಕಡೆಯ ನಾಲ್ಕು ಜನರಾದರೂ ಓದಲಿ ಎಂದು ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಹೂವಿನ ತೋಟದ ಕೂಲಿಗೆ ಹೋದಾಗ ಗುಲಾಬಿ ಮುಳ್ಳು ಚುಚ್ಚಿ ಬಲಗಾಲಿನ ಬೆರಳು ಹುಣ್ಣಾಯಿತು. ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಕಟ್ಟು ಬಿಚ್ಚಿಯೂ ನೋಡದೆ ‘ನಾಳೆ ಬಾ’ ಎಂದು ಮತ್ತೆ ಮತ್ತೆ ವಾಪಸ್ಸು ಕಳಿಸಿದರು. ಬೆರಳು ಕಪ್ಪಾಯಿತು. ಕೊನೆಗೆ ಕತ್ತರಿಸಿದರು. ದೂರು ಅದಕ್ಕೆ.

ವಿಚಾರಣೆಗೆ ಯಾರನ್ನು ಕಳಿಸಿದಿರಿ? ಅದೇ ಆಸ್ಪತ್ರೆಯ ಹೆಡ್ ನರ್ಸನ್ನು, ಜೊತೆಗೆ ‘ನಾಳೆ ಬಾ’ ಎಂದ ಅದೇ ನರ್ಸನ್ನು! ಕೃಷ್ಣಗಿರಿ ಮಂಡಿಯಲ್ಲಿ ಮಾವಿನ ತೂಕದಲ್ಲಿ ಮೋಸವಾಯಿತೆಂದರೆ ತಕ್ಕಡಿ ಪರೀಕ್ಷೆಗೆ ಮಂಡಿ ಯಜಮಾನನನ್ನೇ ಕೂರಿಸುತ್ತೀರಾ? ನಾನು ಫ್ಯಾಕ್ಟರಿಯಲ್ಲಿದ್ದಾಗ ಇಬ್ಬರೂ ಸೇಬು ಹಿಡಿದು ಮನೆಗೇ ಬಂದರು. ಪಕ್ಕದ ಮನೆಯ ಸುಗುಣಕ್ಕ ಅಲ್ಲೇ ಇದ್ದರು. ಮಾತು ಹೀಗೆ ನಡೆಯಿತಂತೆ:

“ಏನ್ಮಾ, ನಮ್ ಮೇಲೆ ಕೋಪಮಾ?”

“ಅಯ್ಯೋ, ಮನೆಗ್ ಬಂದೋರ್ ಮೇಲೆ ಎಂಥಾ ಕೋಪ ತಾಯಿ! ಕಾಫಿ ಕುಡ್ದು, ಕುಂಕುಮ ಇಕ್ಕೊಂಡೋಗಿ.”

ಕುಂಕುಮ ಇಟ್ಟುಕೊಂಡರು. ಒಂದು ಕಾಗದಕ್ಕೆ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

“ಬೆರಳು ಹೋಗಿದ್ದನ್ನ ಯಾಕಮ್ಮ ಹೇಳ್ನಿಲ್ಲ?” ಎಂದು ಮನೆಗೆ ಬಂದ ಮೇಲೆ ನಾನು ಕೂಗಾಡಿದೆ.

“ಮುಚ್ಲಾ ಬಾಯಿ! ಬಾಗ್ಲಿಗ್ ಬಂದ ಹೆಣ್ಮಕ್ಳನ್ನ ಬೈದು ಕಳ್ಸಾಕಾಯ್ತದಾ? ಫ್ಯಾಕ್ಟ್ರೀಲಿ ಇದ್ನೇ ಕಲ್ತಿದ್ಯಾ?”

ಅಮ್ಮನನ್ನು ಬೈದು ಏನು ಪ್ರಯೋಜನ? ನಮ್ಮ ಕಡೆ ಜಗಳವಾಡಿದವರೇ ಹೊಸಿಲು ದಾಟಿ ಬಂದರೂ ಆ ಹೊತ್ತಿನಲ್ಲಿ ಜಗಳದ ಮಾತು ಎತ್ತುವುದಿಲ್ಲ. ಅವಳು ತೋರಿಸಿದ ಮರ್ಯಾದೆಯನ್ನು ನೀವು ಹೇಳಿಕೆ ಎಂದು ಬರೆದುಕೊಂಡಿರಿ. ಏನು ಬರೆದಿದ್ದೀರೆಂದು ಓದಿ ಹೇಳುವ ಮರ್ಯಾದೆ ನಿಮ್ಮವರಿಗೆ ಇರಲಿಲ್ಲವೇ?

ಈಗ ಎಡಗಾಲಿನ ಹಿಮ್ಮಡಿ ಒಡೆದು ಕೀವು ಕಟ್ಟಿದೆ. ಆಸ್ಪತ್ರೆಗೆ ಹೋಗೋಣವೆಂದರೆ ಅಮ್ಮ ಒಪ್ಪುತ್ತಿಲ್ಲ. “ಅವ್ರ್ ಮೇಲೆ ಬರ್ದುಬುಟ್ಟು ಅವ್ರ್ ಕೈಗೇ ಕಾಲ್ ಕೊಡ್ಲೇನ್ಲಾ? ನಾನ್ ಬರಾಕಿಲ್ಲ” ಎಂದು ಅರಿಶಿನ ಮೆತ್ತಿಕೊಂಡು ಕೂತಿದ್ದಾಳೆ. ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ದೂರು ಕೊಟ್ಟವರ ಪಕ್ಕ ನಿಲ್ಲಲು ಒಬ್ಬರನ್ನು ಕೊಡಿ. ಅವರು ಆಸ್ಪತ್ರೆಯವರಾಗಿರಬಾರದು, ನಿಮ್ಮ ಕೈಕೆಳಗಿನವರೂ ಆಗಿರಬಾರದು. ತಮಿಳು, ತೆಲುಗು, ಕನ್ನಡದಲ್ಲಿ ನಮ್ಮ ಮಾತು ಕೇಳಿಸಿಕೊಳ್ಳಲಿ. ಹೆಬ್ಬೆಟ್ಟಿಗೆ ಮೊದಲು ಓದಿ ಹೇಳಲಿ. ದೂರು ಕೊಟ್ಟಿದ್ದಕ್ಕೆ ಮದ್ದು ನಿಲ್ಲುವುದಿಲ್ಲ ಎಂದು ನನ್ನ ಅಮ್ಮನಿಗೆ ಧೈರ್ಯ ಕೊಡಲಿ. ಮುಚ್ಚಿದ ದೂರನ್ನು ಮತ್ತೆ ತೆರೆಯಿರಿ. ಸೋಮವಾರ ಅಮ್ಮನನ್ನು ಹೊತ್ತುಕೊಂಡಾದರೂ ಡ್ರೆಸ್ಸಿಂಗ್ ರೂಮಿಗೆ ತರುತ್ತೇನೆ. ಆ ಬಾಗಿಲಲ್ಲಿ ನಮ್ಮ ಕಡೆಯವರೆಂದು ಒಬ್ಬರಾದರೂ ನಿಂತಿರಬೇಕು.

ಇಂತಿ,
ಹತ್ತನೇ ಕ್ಲಾಸು ಪಾಸಾಗಿ, ದೂರು ಕೊಡುವುದರಲ್ಲಿ ಫೇಲಾದ
ಭೈರೇಶ್