ಎಡಗಡೆಯ ಹಿಂದಿನ ಬಾಗಿಲು

ಅಣ್ಣಾ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಹೊರಟೆ. ಪೆನ್ನು ಮುಂದೆ ಹೋಗಲಿಲ್ಲ. ಹನ್ನೊಂದು ತಿಂಗಳಿಂದ ಮಾತು ಬಿಟ್ಟವರ ನಡುವೆ ಆ ಸಾಲಿಗೆ ಏನರ್ಥ? ನಾನು ಕ್ಷೇಮವಾಗಿಲ್ಲ. ನಾಲ್ಕು ದಿನದಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಿನ್ನೆ ಒಬ್ಬರ ಕೋಟಿಗೆ ಎರಡೂ ಬಲಗೈ ತೋಳನ್ನೇ ಕತ್ತರಿಸಿಟ್ಟೆ. ಮೂವತ್ತನಾಲ್ಕು ವರ್ಷದ ದರ್ಜಿ ಕೆಲಸದಲ್ಲಿ ಇಂಥ ಘನಕಾರ್ಯ ಇದೇ ಮೊದಲು. ಇವತ್ತು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಇದನ್ನು ಬರೆಯಲು ಕೂತಿದ್ದೇನೆ.

ಅಕ್ಷರ ದೊಡ್ಡದಾಗಿದೆ ಎಂದು ನಗಬೇಡ. ನಿನ್ನ ಕಣ್ಣಿಗೆ ನೇರ ಇರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಲ್ಲ, ಅದಕ್ಕೇ ಸಾಲು ಚಿಕ್ಕದು, ಅಕ್ಷರ ದಪ್ಪ. ನೀನೇ ಓದಬೇಕು. ಅತ್ತಿಗೆಯ ಕೈಯಲ್ಲಿ ಓದಿಸಬೇಡ. ಅವರು ಅರ್ಧಕ್ಕೇ ಕಣ್ಣೊರೆಸಿಕೊಳ್ಳಲು ಶುರು ಮಾಡಿ, ಮುಖ್ಯವಾದ ಕಡೆ ನಿಲ್ಲಿಸಿಬಿಡುತ್ತಾರೆ.

ವಿಷಯ ನಿನ್ನ ಕಾರಿನದು. ನನ್ನ ಅಂಗಳದಲ್ಲಿ ನಿಂತಿದ್ದರೂ ಅದನ್ನು ನನ್ನದೆನ್ನಲು ಬಾಯಿ ಬರುವುದಿಲ್ಲ. ನಿನ್ನ ಕಣ್ಣಿನ ಸಂಗತಿಯನ್ನು ಲೈಸೆನ್ಸ್ ಕಚೇರಿಗೆ ಬರೆದು ತಿಳಿಸಿದವಳು ನಾನು. ಮೂವತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದವನ ಲೈಸೆನ್ಸ್ ನನ್ನ ಒಂದು ಕಾಗದದಿಂದ ಹೋಯಿತು. ಅದೇ ವಾರ ನೀನು ಕಾರನ್ನು ಮೆಕ್ಯಾನಿಕ್ ಕೈಯಲ್ಲಿ ಕಳಿಸಿಕೊಟ್ಟೆ. ಜೊತೆಗೊಂದು ಲಕೋಟೆ. ಒಳಗೆ ಕೀಲಿ ಮಾತ್ರ. ಒಂದು ಸಾಲಿಲ್ಲ, ಒಂದು ಬೈಗುಳವಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನೂ ಹಟಕ್ಕೆ ಬಿದ್ದೆ. ಅಂಗಡಿಯ ತುಂಡುಬಟ್ಟೆಗಳನ್ನೆಲ್ಲ ಸೇರಿಸಿ ದೊಡ್ಡದೊಂದು ಗವಸು ಹೊಲಿದು ಅದರ ಮೇಲೆ ಹೊದಿಸಿದೆ. ವಾರಕ್ಕೊಮ್ಮೆ ಎಂಜಿನ್ ಶುರು ಮಾಡಿ ನಿಲ್ಲಿಸುತ್ತಿದ್ದೆ, ಗವಸು ಮಾತ್ರ ಪೂರ್ತಿ ತೆಗೆಯುತ್ತಿರಲಿಲ್ಲ.

ಹೋದ ತಿಂಗಳು ಅತ್ತಿಗೆ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ, "ಮೊನ್ನೆ ಇವರು ಇದ್ದಕ್ಕಿದ್ದ ಹಾಗೆ ಕೇಳಿದ್ರು, ಕಾರು ಹೇಗಿದೆಯಂತೆ ಅಂತ" ಎಂದರು. ಅವಳು ಹೇಗಿದ್ದಾಳೆ ಎಂದಲ್ಲ, ಕಾರು ಹೇಗಿದೆ ಎಂದು. ಆದರೂ ನನಗೆ ಅಷ್ಟೇ ಸಾಕಾಯಿತು. ಫೋನಿಟ್ಟವಳೇ ಹೋಗಿ ಗವಸು ಎಳೆದು ಬಿಸಾಕಿದೆ. ಅಣ್ಣಾ, ಹೇಗೆ ಹೇಳಲಿ. ದಾಳಿಂಬೆ ಕಾಳಿನ ಹಾಗಿದ್ದ ಕೆಂಪು ಎಲ್ಲಿ, ಈ ಸತ್ತ ಗುಲಾಬಿ ಬಣ್ಣ ಎಲ್ಲಿ. ಮೇಲೆಲ್ಲ ಪುಡಿಪುಡಿ. ಬೆರಳಿಟ್ಟರೆ ಬೆರಳಿಗೇ ಬಣ್ಣ ಹತ್ತುತ್ತಿತ್ತು. ನನ್ನ ಗವಸು ಗಾಳಿಗೆ ಅಲುಗಾಡಿ, ಒಳಗೆ ಸೇರಿದ್ದ ಧೂಳನ್ನು ತಿಕ್ಕಿ ತಿಕ್ಕಿ ಎಲ್ಲೆಡೆ ಸಣ್ಣ ಗೀರು ಎಬ್ಬಿಸಿತ್ತು. ಕಾಪಾಡುತ್ತೇನೆಂದು ಹೊದಿಸಿದ್ದೇ ಕೆಡಿಸಿತ್ತು. ಕಾರನ್ನು ಮೊದಲಿನಂತೆ ಮಾಡಿದರೆ ನೀನು ನೋಡಲಾದರೂ ಬಂದೀಯೆ ಎಂಬ ಹುಚ್ಚು ಅವತ್ತೇ ತಲೆಗೆ ಹತ್ತಿತು.

ಪಾಲಿಶ್ ಮಶೀನು ಎಂದರೆ ಒಂದು ಮಶೀನು ಎಂದುಕೊಂಡಿದ್ದೆ. ಪಾಲಿಶ್ ಅಂಗಡಿಗೆ ಹೋದರೆ ಗೋಡೆ ತುಂಬ ಅವೇ. ಒಂದು ಜಾತಿಯದು ಒಂದೇ ಅಚ್ಚಿನ ಮೇಲೆ ಗರಗರನೆ ತಿರುಗುವುದು. ಕೆಲಸ ಬೇಗ, ಆದರೆ ಒಂದೇ ಕಡೆ ಅರೆಗಳಿಗೆ ಹೆಚ್ಚು ನಿಂತರೆ ಬಿಸಿಯೇರಿ ಬಣ್ಣವನ್ನೇ ತಿಂದುಹಾಕುತ್ತದೆ. ಇನ್ನೊಂದು, ತಿರುಗುತ್ತಲೇ ಅತ್ತಿತ್ತ ಓಲಾಡುವುದು. ನಿಧಾನ. ಜಾಸ್ತಿ ಒತ್ತಿದರೆ ತಿರುಗುವುದನ್ನು ಬಿಟ್ಟು ಸುಮ್ಮನೆ ನಡುಗುತ್ತದೆ. ಅಂಗಡಿಯವರು ನನ್ನ ಕೈ ನೋಡಿ, ಓಲಾಡುವುದನ್ನೇ ತಗೊಳ್ಳಿ ಎಂದರು. ನನಗೆ ಅದು ಅವಮಾನವೆನಿಸಿತು. ದಿನಕ್ಕೆ ಹತ್ತು ಗಂಟೆ ಮಶೀನು ತುಳಿಯುವವಳಿಗೆ ಮಶೀನಿನ ಪಾಠವೇ? ಸುಮ್ಮನೆ ಎದ್ದು ಬಂದೆ. ಎರಡು ದಿನ ಬಿಟ್ಟು ಮತ್ತೆ ಹೋದೆ, ಅದನ್ನು ಎತ್ತಿ ನೋಡಿದೆ, ಇದನ್ನು ಎತ್ತಿ ನೋಡಿದೆ, ಮತ್ತೆ ಬರಿಗೈಯಲ್ಲಿ ಬಂದೆ. ಕೊನೆಗೆ ತಡೆಯಲಾರದೆ ಮೂಲೆಯ ಗ್ಯಾರೇಜಿನ ಪೇಂಟರ್ ಹತ್ತಿರ ಗರಗರ ತಿರುಗುವುದನ್ನೇ ಒಂದು ದಿನಕ್ಕೆ ಕೇಳಿ ತಂದೆ.

ಡಿಕ್ಕಿಯ ಮೇಲೆ ಶುರು ಮಾಡಿದೆ. ಐದು ನಿಮಿಷದಲ್ಲಿ ಹಳೆಯ ಕೆಂಪು ಎದ್ದು ಬಂತು. ಖುಷಿಗೆ ಕೈ ಇನ್ನೂ ಒತ್ತಿತು. ಅಂಚಿಗೆ ಬಂದಾಗ ಸುಟ್ಟ ವಾಸನೆ. ಎತ್ತಿ ನೋಡಿದರೆ ಅಂಗಿಯ ಗುಂಡಿಯಷ್ಟು ಅಗಲಕ್ಕೆ ಕೆಂಪು ಹೋಗಿ ಕೆಳಗಿನ ಬೂದು ಬಣ್ಣ ಬಿಟ್ಟುಕೊಂಡಿದೆ. ಅಂಚಿನಲ್ಲಿ ಬಣ್ಣ ತೆಳುವಂತೆ, ಮೊದಲೇ ಟೇಪು ಅಂಟಿಸಬೇಕಂತೆ. ಆಮೇಲೆ ಗೊತ್ತಾಯಿತು. ಮಶೀನು ವಾಪಸು ಕೊಟ್ಟು, ಗವಸು ಹಾಕದೆ, ಕಾರನ್ನೇ ಓಡಿಸಿಕೊಂಡು ಪಾಲಿಶ್ ಅಂಗಡಿಯ ಮುಂದೆ ನಿಲ್ಲಿಸಿದೆ. ಇದು ನಾಲ್ಕು ದಿನದ ಹಿಂದಿನ ಮಾತು.

ಅಂಗಡಿಯವರು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ ಸುತ್ತ ನೋಡಿದರು. ನನ್ನ ಘನಕಾರ್ಯವನ್ನೂ ನೋಡಿದರು. ಮಶೀನು ಆಮೇಲೆ ಆರಿಸೋಣ, ಮೊದಲು ಬಣ್ಣ ಎಷ್ಟು ಉಳಿದಿದೆ ನೋಡೋಣ ಎಂದು ಅಂಗೈಯಗಲದ ಒಂದು ಉಪಕರಣ ತಂದರು. ಅದನ್ನು ತಗಡಿಗೆ ತಾಗಿಸಿದರೆ ಬಣ್ಣದ ದಪ್ಪ ಅಂಕಿಯಲ್ಲಿ ಬರುತ್ತದೆ. ಛಾವಣಿ ತೊಂಬತ್ತು. ಬಾನೆಟ್ ಎಂಬತ್ತು, ಒಂದು ಕೂದಲೆಳೆಯಷ್ಟು. ಮುಂದಿನ ಬಾಗಿಲುಗಳು ನೂರರ ಆಸುಪಾಸು. ಎಡಗಡೆಯ ಹಿಂದಿನ ಬಾಗಿಲಿಗೆ ಇಟ್ಟರೆ ಇನ್ನೂರ ಎಂಬತ್ತು. ಅವರು ಮೂರು ಸಲ ಜಾಗ ಬದಲಿಸಿ ಇಟ್ಟರು. ಈ ಬಾಗಿಲು ಇನ್ನೊಂದು ಸಲ ಪೇಂಟ್ ಆಗಿದೆ ಎಂದರು.

ಸಾಧ್ಯವೇ ಇಲ್ಲ ಎಂದೆ. ಹೊಸ ಕಾರಾಗಿ ಮನೆಗೆ ಬಂದ ದಿನದಿಂದ ಇದನ್ನು ಬಲ್ಲೆ, ನನಗೆ ಗೊತ್ತಿಲ್ಲದೆ ಯಾರು ಪೇಂಟ್ ಮಾಡಿಸುತ್ತಾರೆ ಎಂದು ಜೋರಾಗಿಯೇ ಹೇಳಿದೆ. ಅವರು ಕಿಟಕಿಯ ಕೆಳಗಿನ ರಬ್ಬರನ್ನು ಉಗುರಿನಿಂದ ಮೆಲ್ಲಗೆ ಎತ್ತಿದರು. ಅದರ ಅಂಚಿನಲ್ಲಿ ನೂಲಿನಷ್ಟು ಸಣ್ಣ ಕೆಂಪು ಗೆರೆ. ಕಾರ್ಖಾನೆಯಲ್ಲಿ ಬಂದ ಬಣ್ಣವಾದರೆ ರಬ್ಬರಿಗೆ ತಾಗುವುದಿಲ್ಲವಂತೆ.

"ಒಳ್ಳೆ ಕೈಯ ಪೇಂಟರ್ ಇದ್ದಿರಬೇಕು" ಎಂದರು. "ಯಾರಿಗೂ ಗೊತ್ತಾಗಬಾರದು ಅಂತಲೇ ಮಾಡಿಸಿದ್ದು ಇದು."

ಅಲ್ಲೇ ಕಾರಿಗೊರಗಿ ನಿಂತುಬಿಟ್ಟೆ, ಅಣ್ಣಾ. ಬಿಸಿಲಿಗೆ ತಲೆ ತಿರುಗಿತೇನೋ ಎಂದು ಅವರು ನೀರು ತಂದರು. ಯಾವ ಬಾಗಿಲು ಎಂದು ನಿನಗೆ ನಾನು ಹೇಳಬೇಕಿಲ್ಲ.

ಬರೆಯುತ್ತಾ ಬರೆಯುತ್ತಾ ಎದ್ದು ಹೋಗಿ ಆ ಬಾಗಿಲನ್ನು ನೋಡಿ ಬಂದೆ. ಇದು ಐದನೆಯ ಸಲ. ಈಗ ಹೇಳಿಬಿಡುತ್ತೇನೆ. ನನಗಾಗ ಹತ್ತೊಂಬತ್ತು, ಕಾರಿಗೆ ನಾಲ್ಕು ತಿಂಗಳು. ನೀನು ಭಾನುವಾರ ಉಂಡು ಮಲಗಿದ್ದಾಗ ನಿನ್ನ ಅಂಗಿಯ ಜೇಬಿನಿಂದ ಕೀಲಿ ಎತ್ತಿದೆ. ನೀನು ಗೇರು ಹಾಕುವುದನ್ನು ನೋಡಿ ನೋಡಿಯೇ ನನಗೆ ಬರುತ್ತದೆ ಎಂಬ ಭ್ರಮೆ. ರಜೆಯ ದಿನ ಮರದಡ್ಡೆಯ ಬಯಲು ಖಾಲಿ ಇರುತ್ತಿತ್ತು. ಹೋಗುವಾಗ ಸರಿಯಾಗಿಯೇ ಹೋದೆ. ಬರುವಾಗ ಆ ಕಬ್ಬಿಣದ ಗೇಟಿಗೆ ಹಿಂದಿನ ಬಾಗಿಲು ಕರ್ ಎಂದು ಉಜ್ಜಿತು. ಮೊಳದುದ್ದ ಗೀರು. ತಂದೆಯ ಸಿಟ್ಟು ನೆನೆದು ನನ್ನ ಚೀಲ ಸುರಿದು ತಡಕಿದೆ. ಆಗಷ್ಟೇ ದರ್ಜಿ ಕೆಲಸಕ್ಕೆ ಸೇರಿದ್ದೆನಲ್ಲ, ಚೀಲದಲ್ಲಿ ಬಟ್ಟೆಗೆ ಗುರುತು ಹಾಕುವ ಕೆಂಪು ಸೀಮೆಸುಣ್ಣವಿತ್ತು. ಅದನ್ನು ಪುಡಿ ಮಾಡಿ, ಮೇಣದಬತ್ತಿ ಕರಗಿಸಿ ಕಲಸಿ, ಗೀರಿಗೆ ತುಂಬಿ, ಲೈನಿಂಗ್ ಬಟ್ಟೆಯಲ್ಲಿ ತಿಕ್ಕಿ ಹೊಳೆಸಿದೆ. ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗಲಿಲ್ಲ ಎಂದೇ ಮೂವತ್ತನಾಲ್ಕು ವರ್ಷ ಮೆರೆದೆ. ನನ್ನ ಗಂಡನಿಗೆ ಹೇಳಿ ನಗಿಸಿದ್ದೇನೆ, ಮಗಳಿಗೆ ಹೇಳಿ ನಗಿಸಿದ್ದೇನೆ. ನಿನ್ನ ಮಾವ ಎಷ್ಟು ಜಾಣ ನೋಡು, ಸೀಮೆಸುಣ್ಣ ಸವರಿದ ಬಾಗಿಲನ್ನು ದಿನಾ ತೆರೆದು ಮುಚ್ಚುತ್ತಾನೆ ಎಂದಿದ್ದೇನೆ. ಆ ವಾರವೇ ನೀನು ಕ್ಲಚ್ ಪ್ಲೇಟ್ ಹೋಯಿತೆಂದು ಕಾರನ್ನು ನಾಲ್ಕು ದಿನ ಗ್ಯಾರೇಜಿನಲ್ಲಿ ಬಿಟ್ಟಿದ್ದೆ. ನಾಲ್ಕು ತಿಂಗಳ ಹೊಸ ಕಾರಿಗೆ ಕ್ಲಚ್ ಪ್ಲೇಟ್ ಹೋಗುತ್ತದೆಯೇ ಎಂದು ನಾನೊಮ್ಮೆಯೂ ಯೋಚಿಸಲಿಲ್ಲ. ನೀನು ಆಗ ಡ್ರೈವಿಂಗ್ ಸ್ಕೂಲು ತೆರೆಯಲು ಓಡಾಡುತ್ತಿದ್ದೆ. ಊಟಕ್ಕೆ ಕೂತಾಗ ತಂದೆ ಎಲ್ಲರೆದುರು, "ಊರಿಗೆಲ್ಲ ಡ್ರೈವಿಂಗ್ ಕಲಿಸ್ತಾನಂತೆ, ಸ್ವಂತ ಕಾರಿನ ಕ್ಲಚ್ ಸುಟ್ಕೊಂಡು ಕೂತಿದಾನೆ" ಎಂದರು. ನೀನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ಭಾನುವಾರ ನೀನೇ ನನ್ನನ್ನು ಎಬ್ಬಿಸಿ, ಬಾ ಕಲಿಸ್ತೀನಿ ಎಂದು ಕರೆದುಕೊಂಡು ಹೋದೆ. ಅದೇ ಬಯಲಿಗೆ. ಮಿಕ್ಕವರಿಗೆ ಮೊದಲ ಪಾಠ ಕ್ಲಚ್ಚು, ಬ್ರೇಕು. ನನಗೆ ಮಾತ್ರ ಎರಡು ಎಣ್ಣೆ ಡ್ರಮ್ಮು ನಿಲ್ಲಿಸಿ, ನಡುವೆ ಒಳಗೆ ಹೊರಗೆ, ಒಳಗೆ ಹೊರಗೆ, ಒಂದು ಗಂಟೆ. ಇದೆಂಥ ವಿಚಿತ್ರ ಮೇಷ್ಟರು ಎಂದು ಒಳಗೊಳಗೇ ಬೈದುಕೊಂಡಿದ್ದೆ. ನೀನು ಪಕ್ಕದ ಸೀಟಿನಲ್ಲಿ ಕೂತು, ನೀನೇ ಇಟ್ಟ ಅಡ್ಡಹೆಸರು ಹಿಡಿದು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ಕನ್ನಡಿ ನೋಡ್ಕೋ, ಕಡ್ಡಿ. ಮುಂದಿನ ಚಕ್ರ ದಾಟ್ತು ಅಂದ್ರೆ ಕಾರು ದಾಟ್ತು ಅಂತಲ್ಲ. ಹಿಂದಿನ ಬಾಗಿಲು ಇನ್ನೂ ಬರ್ತಾ ಇರುತ್ತೆ."

ನೀನು ಒಂದೇ ಒಂದು ಸಲ ಕಣ್ಣು ಮಿಟುಕಿಸಿದ್ದರೂ, ಗೀರಿನ ಸಂಗತಿ ನಿನಗೆ ಗೊತ್ತೆಂದು ನನಗೆ ಹೊಳೆಯುತ್ತಿತ್ತು.

ಇನ್ನು ನನ್ನ ಸರದಿ. ಹೋದ ವರ್ಷ ನಿನ್ನ ಪಕ್ಕದಲ್ಲಿ ನಾನು ಕೂತಿದ್ದೆ. ಎಡಗಡೆಯಿಂದ ಒಬ್ಬ ತಾಯಿ ಮಗುವಿನ ತಳ್ಳುಗಾಡಿ ಹಿಡಿದು ರಸ್ತೆಗಿಳಿದಳು. ನೀನು ನೋಡಲೇ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದವಳು ನಾನು. ಗಾಡಿಗೂ ನಮ್ಮ ಬಂಪರಿಗೂ ನಡುವೆ ಗೇಣು ಜಾಗವಿತ್ತು. ಆ ತಾಯಿ ಬೈದುಕೊಂಡು ಹೋದ ಮೇಲೆ ನೀನು ಸ್ಟಿಯರಿಂಗ್ ಹಿಡಿದ ಕೈಯನ್ನೇ ನೋಡುತ್ತಾ, ಯಾರಿಗೂ ಹೇಳ್ಬೇಡ, ನಾನೇ ನಿಧಾನಕ್ಕೆ ಬಿಡ್ತೀನಿ ಎಂದೆ. ನಾನು ಹೂಂ ಎಂದೆ. ಒಂಬತ್ತು ದಿನ ಕಾದೆ. ಹತ್ತನೆಯ ದಿನ ನಿನ್ನ ಕಾರು ನನ್ನ ಅಂಗಡಿಯ ಮುಂದೆಯೇ ಹಾದುಹೋಯಿತು. ಆ ಮಧ್ಯಾಹ್ನ ಕಾಗದ ಬರೆದೆ. ಕಚೇರಿಯವರು ಅದನ್ನು ನಿನ್ನ ಮುಂದಿಟ್ಟರಂತೆ. ಅಕ್ಷರ ನೋಡಿದ ಕೂಡಲೇ ಗುರುತಿಸಿದೆಯಂತೆ. ಸಂಜೆ ಫೋನು ಮಾಡಿ ಒಂದೇ ಮಾತು ಆಡಿದೆ.

"ನನಗೆ ಹೇಳಿದ್ರೆ ಸಾಕಿತ್ತಲ್ಲ, ಕಡ್ಡಿ."

ಹೇಳಿದ್ದರೆ ನೀನು ಕೇಳುತ್ತಿದ್ದೆಯಾ ಎಂದು ನಾನು ಎಗರಿಬಿದ್ದೆ. ನೀನು ಫೋನಿಟ್ಟೆ.

ಕಾಗದ ಬರೆದದ್ದು ತಪ್ಪೆಂದು ಇವತ್ತೂ ಹೇಳಲಾರೆ. ಆ ತಳ್ಳುಗಾಡಿಯ ಚಕ್ರ ಈಗಲೂ ಕಣ್ಣಿಗೆ ಕಟ್ಟುತ್ತದೆ. ಮತ್ತೆ ಅಂಥ ದಿನ ಬಂದರೆ ಮತ್ತೆ ಬರೆಯುತ್ತೇನೆ. ಆದರೆ ಅದಕ್ಕೆ ಮೊದಲು ನಿನ್ನ ಮನೆಗೆ ಬಂದು, ನಿನ್ನೆದುರು ಕೂತು, ಅಣ್ಣಾ, ಹೀಗೆ ಬರೆಯುತ್ತೇನೆ ಎಂದು ಹೇಳಬೇಕಿತ್ತು. ಹೇಳಲಿಲ್ಲ, ಹೆದರಿದೆ. ಯಾರ ಮುಂದೆಯಾದರೂ ಕಡ್ಡಿ ಮುರಿದಂತೆ ಮಾತಾಡುವವಳು ನಿನ್ನ ಮುಖ ನೋಡಲು ಹೆದರಿ, ಹತ್ತೊಂಬತ್ತರ ಹುಡುಗಿಯ ಹಾಗೆ ಹಿಂದಿನಿಂದ ಕೆಲಸ ಮುಗಿಸಿದೆ. ನನ್ನ ತಪ್ಪನ್ನು ನೀನು ನನಗೂ ತಿಳಿಯದಂತೆ ಮುಚ್ಚಿದೆ. ನಿನ್ನದನ್ನು ನಾನು ನಿನಗೇ ತಿಳಿಯದಂತೆ ಬಿಚ್ಚಿಟ್ಟೆ. ಇದಕ್ಕೆ ಕ್ಷಮೆ ಕೇಳುತ್ತೇನೆ.

ಮಶೀನು ಆರಿಸಿದ್ದಾಯಿತು. ಓಲಾಡುವುದನ್ನೇ ತಂದೆ. ನನ್ನಂಥವಳ ಕೈಗೆ, ಒತ್ತಿದಾಗ ತಾನೇ ನಿಲ್ಲುವ ಮಶೀನೇ ಸರಿ. ಛಾವಣಿಯ ಮೇಲೆ ಅಂಗೈಯಗಲ ಮಾಡಿ ನೋಡಿದೆ. ಸ್ಪಂಜೆಲ್ಲ ಕೆಂಪಾಯಿತು, ಕೆಳಗೆ ನಮ್ಮ ಹಳೆಯ ದಾಳಿಂಬೆ ಇದೆ, ಎಲ್ಲೂ ಹೋಗಿಲ್ಲ. ಆದರೆ ಮುಂದೆ ಹೋಗಲಾಗದೆ ಕೂತಿದ್ದೇನೆ. ಮಶೀನು ಹಿಡಿಯುವ ಮೊದಲು ಕಾರು ತೊಳೆದು, ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಣ್ಣದ ಮೇಲೆಲ್ಲ ಸವರಬೇಕಂತೆ. ಕಣ್ಣಿಗೆ ಕಾಣದ ಮರಳಿನ ಕಣವೂ ಬೆರಳಿಗೆ ಸಿಗುತ್ತದಂತೆ. ಅದನ್ನು ತೆಗೆಯದೆ ಮಶೀನು ಹಾಕಿದರೆ ಮತ್ತೆ ಗೀರು. ಸವರಿದೆ. ಏನೂ ಸಿಗಲಿಲ್ಲ. ಅಂಗಡಿಯವರು ಸವರಿದರೆ ಬೇಕಾದಷ್ಟು ಸಿಕ್ಕಿತು. ನನ್ನ ಬೆರಳ ತುದಿಗಳು ಸೂಜಿ ಚುಚ್ಚಿಸಿಕೊಂಡು ಜಡ್ಡುಗಟ್ಟಿವೆ, ಅಣ್ಣಾ. ಕಣ್ಣಿದೆ, ಬೆರಳಿಲ್ಲ. ನಿನಗೆ ಬೆರಳಿದೆ. ಗೇರಿನ ಮೇಲೆ ಕೈಯಿಟ್ಟರೆ ಸಾಕು, ಒಳಗೆ ಏನು ಸವೆದಿದೆ ಎಂದು ಹೇಳುತ್ತಿದ್ದವನು ನೀನು. ಬೇರೆಯವರನ್ನು ಕರೆಯಬಹುದು, ಕರೆಯಲು ಮನಸ್ಸಿಲ್ಲ.

ಅದಕ್ಕೇ ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರು ತೆಗೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ಎರಡು ಸಲ ಹಾರ್ನ್ ಮಾಡುತ್ತೇನೆ. ನಿಮ್ಮ ಗೇಟು ಇಕ್ಕಟ್ಟು, ನಿನಗೆ ಗೊತ್ತು. ಹಿಂದಿನ ಬಾಗಿಲು ದಾಟುವವರೆಗೆ ಹೊರಗೆ ನಿಂತು ಹೇಳುವವರು ಒಬ್ಬರು ಬೇಕು. ನೀನು ಬರದಿದ್ದರೆ ಗೇಟಿನ ಹೊರಗೇ ನಿಲ್ಲಿಸಿಕೊಂಡು ಕೂತಿರುತ್ತೇನೆ, ಬರುವವರೆಗೆ. ಡಿಕ್ಕಿಯ ಅಂಚಿನ ಬೂದು ಕಲೆಗೆ ಸೀಮೆಸುಣ್ಣ ಹಚ್ಚಿಲ್ಲ. ಈ ಸಲ ನಾನೇ ನಿನಗೆ ತೋರಿಸುತ್ತೇನೆ.

ನಿನ್ನ ಕೈ ಹಸನಾಗಿರಲಿ.

ಇಂತು, ನಿನ್ನಿಂದ ಗೇಟು ದಾಟಲು ಕಲಿತ,
ಕಡ್ಡಿ