ಗೇಟಿನದ್ದು ನಾಳೆ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.40

ತಲೆನೋವು. ಎಡಗಡೆ, ಹನ್ನೊಂದರಿಂದ. ಮಾತ್ರೆ ಒಂದು.

ಎಷ್ಟು ಹೊತ್ತಿಗೆ ಶುರುವಾಯಿತು, ಅದಕ್ಕೆ ಮೊದಲು ಏನು ಮಾಡುತ್ತಿದ್ದೆ, ಎಲ್ಲ ಬರೆದಿಡಿ ಅಂದಿದ್ದರು ಡಾಕ್ಟರಮ್ಮ. ಆರು ತಿಂಗಳಾಯಿತು, ಒಂದು ಸಲವೂ ತೋರಿಸಿ ಅಂದಿಲ್ಲ. ಬರೆಯುವುದು ಮಾತ್ರ ನಿಂತಿಲ್ಲ. ಚಟ.

ಮೊದಲು ಮಾಡುತ್ತಿದ್ದದ್ದು: ನೋಟಿಸ್ ಅಂಟಿಸುವುದು. ರೈಲ್ವೆ ಗೇಟ್ ಶಾಶ್ವತವಾಗಿ ಮುಚ್ಚುವ ಪ್ರಸ್ತಾವ. ಬರೆದು ಕೊಡುವ ಆಕ್ಷೇಪಣೆಗೆ ಹದಿನೈದು ದಿನ, 18ರ ಸಂಜೆ ಐದರವರೆಗೆ. ಏಪ್ರಿಲ್ 4ಕ್ಕೆ ಸಾರ್ವಜನಿಕ ಅಹವಾಲು ಸಭೆ. ಮೂರು ಕಡೆ ಅಂಟಿಸಬೇಕು — ನಮ್ಮ ಆಫೀಸಿನ ಬೋರ್ಡು, ಲೈಬ್ರರಿ, ಗೇಟಿನ ಪಕ್ಕದ ಗೋಡೆ. ಎರಡಾಯಿತು. ಗೇಟು ಊರಿನ ಆ ತುದಿ, ಬಿಸಿಲು ಬೇರೆ. ಗೇಟಿನದ್ದು ನಾಳೆ.

ಅಕ್ಕನ ಮನೆ ಗೇಟಿನಾಚೆ. ಭಾವ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಗೇಟು ದಾಟಿಯೇ ಬರಬೇಕು. ಹೇಳಲೇ? ಬೇಡ. ನಾನು ಕೆಲಸಕ್ಕೆ ಸೇರಿದ ಮೇಲೆ ಈ ಪ್ರಸ್ತಾವ ನಾಲ್ಕು ಸಲ ಬಂದಿದೆ, ನಾಲ್ಕು ಸಲ ಹೋಗಿದೆ. ಸುಮ್ಮನೆ ಹೆದರಿಸುವುದು ಯಾಕೆ.

ಸೀಲಣ್ಣ ಸರ್ಟಿಫಿಕೇಟ್ ತಂದಿಟ್ಟರು. ನಮ್ಮ ಸೆಕ್ಷನ್ನಿನಲ್ಲಿ ಎಲ್ಲದಕ್ಕೂ ಸೀಲು ಒತ್ತುವವರು, ನಿಜವಾದ ಹೆಸರು ಅವರ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. "ಮೂರೂ ಸ್ಥಳಗಳಲ್ಲಿ ಅಂಟಿಸಲಾಗಿದೆ, ದಿನಾಂಕ 3."

"ಇನ್ನೊಂದು ಬಾಕಿ ಇದೆಯಲ್ಲ" ಅಂದೆ.

"ನಾಳೆ ಅಂಟಿಸ್ತೀರಿ ತಾನೆ? ಫೈಲ್ ಇವತ್ತೇ ಮೇಲೆ ಹೋಗ್ಬೇಕು. ಗೋಡೆ ಏನು ಓಡಿಹೋಗತ್ತಾ?"

ಸಹಿ ಹಾಕಿದೆ. ನೋಟಿಸಿನ ಸುರುಳಿ ಜೊತೆಗೇ ಇದೆ, ಬೆಳಿಗ್ಗೆ ಮನೆಯಿಂದ ನೇರ ಗೇಟಿಗೆ ಹೋದರಾಯಿತು.

ಮಾರ್ಚ್ 6, ಗುರುವಾರ. ಸಂಜೆ 4

ಮೂರು ದಿನ ರಜೆ. ಪರದೆ ಎಳೆದು ಮಲಗಿದ್ದು ಬಿಟ್ಟರೆ ಏನೂ ನೆನಪಿಲ್ಲ. ನಿನ್ನೆ ಅಕ್ಕ ಬಂದು ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಮನೆ ಗುಡಿಸಿದಳು, ಬೈದಳು. ಕ್ರಮ ಇದೇ. ಬಾಗಿಲ ಹಿಂದೆ ಬಿದ್ದಿದ್ದ ಸುರುಳಿ ಎತ್ತಿ "ಆಫೀಸಿಂದು ಅಲ್ವೇನೇ ಇದು? ನೆಲದ ಮೇಲೆ ಬಿಸಾಕಿದೀಯಲ್ಲ, ಕೊಳೆ ಆಗಲ್ವಾ" ಅಂದಳು. ಎಲ್ಲೋ ಎತ್ತಿಟ್ಟಳು.

ಬಿ.ಪಿ. 150/96. ಇಷ್ಟು ಬರೆದದ್ದಕ್ಕೇ ಅಕ್ಷರ ಕುಣಿಯುತ್ತಿವೆ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 9.05, ಬಸ್ ಸ್ಟಾಪ್

ಬೆಡ್‌ಶೀಟ್ ತೆಗೆಯಲು ಹೋದೆ. ಅಲ್ಮೇರಾ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಚೊಕ್ಕವಾಗಿ ಸುತ್ತಿ ಇಟ್ಟಿದ್ದಾಳೆ ಅಕ್ಕ. ಸುರುಳಿ.

ಒಂಬತ್ತು ದಿನ.

ಕಾಲಿಗೆ ಚಪ್ಪಲಿ ಹಾಕಿದ್ದೂ ಗೊತ್ತಿಲ್ಲ. ಎಂಟೂವರೆಗೆ ಗೇಟಿನ ಗೋಡೆಗೆ ಅಂಟಿಸಿದೆ. ಯಾರೂ ನೋಡಲಿಲ್ಲ. ಗೇಟಿನೆದುರಿನ ಈ ಸ್ಟಾಪಿಗೆ ಬಂದು ನಿಂತೆ. ಹತ್ತು ನಿಮಿಷಕ್ಕೆ ಮೇಷ್ಟ್ರು ಬಂದರು — ರಿಟೈರಾದವರು, ಅಕ್ಕನ ಬೀದಿಯವರು. ದಿನಾ ಇದೇ ಹೊತ್ತಿಗೆ ಗೇಟು ದಾಟಿ ಲೈಬ್ರರಿಗೆ ಪೇಪರ್ ಓದಲು ಹೋಗುತ್ತಾರೆ. ನಿಂತರು. ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದರು. ಇನ್ನೊಂದು ಸಲ ಓದಿದರು. ಲೈಬ್ರರಿಗೆ ಹೋಗಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಬೇಗಬೇಗ ನಡೆದರು.

ಲೈಬ್ರರಿಯಲ್ಲಿ ಅಂಟಿಸಿದ್ದು ನೋಡಿರಲಿಲ್ಲವೇ? ಅಲ್ಲಿ ನಮ್ಮ ನೋಟಿಸಿನ ಮೇಲೆ ಮರುದಿನವೇ ಯೋಗ ಕ್ಲಾಸಿನ ಪೋಸ್ಟರ್ ಬಿದ್ದಿತ್ತಂತೆ. ಸೀಲಣ್ಣ ನಗುತ್ತ ಹೇಳಿದ್ದರು.

18ಕ್ಕೆ ಇನ್ನು ಆರೇ ದಿನ. ಆದರೂ ಆರು ದಿನ ಇದೆಯಲ್ಲ. ಸಾಕು. ಬರೆಯುವವರು ಬರೆಯುತ್ತಾರೆ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 6

ಅಕ್ಕನ ಫೋನು, ಬೆಳಗಾಗುವ ಮೊದಲೇ.

"ಗೇಟ್ ಮುಚ್ತಾರಂತೆ. ನಿಂಗೆ ಗೊತ್ತಿತ್ತಾ?"

"ಪ್ರಸ್ತಾವ ಅಷ್ಟೆ ಅಕ್ಕ."

"ಪ್ರಸ್ತಾವಕ್ಕೆ ನಿಮ್ಮ ಭಾವನ ಕಿಡ್ನಿ ಕಾಯುತ್ತಾ? ಈಗ ಗಾಲಿಕುರ್ಚಿ ತಳ್ಳಿಕೊಂಡು ಹನ್ನೆರಡು ನಿಮಿಷ. ಗೇಟ್ ಮುಚ್ಚಿದ್ರೆ ಮೇಲ್ಸೇತುವೆ ಸುತ್ತಿ ನಾಲ್ಕೂವರೆ ಕಿಲೋಮೀಟರ್. ಡಯಾಲಿಸಿಸ್ ಮುಗಿಸಿ ಬಂದೋರಿಗೆ ಬಸ್ಸಲ್ಲಿ ಕೂತ್ಕೊಳ್ಳೋಕೂ ಆಗಲ್ಲ, ನೀನೇ ನೋಡಿದೀಯ."

ನೋಡಿದ್ದೇನೆ. ಒಂದು ಸಲ ಬಸ್ಸಿನಲ್ಲಿ ನನ್ನ ಮಡಿಲಲ್ಲೇ ತಲೆಯಿಟ್ಟು ಕಣ್ಣು ಮೇಲೆ ಮಾಡಿದ್ದರು.

ಫೋನಿಡುವಾಗ ಅಂದಳು: "ಮೇಷ್ಟ್ರು ಏನೋ ಅಂತಾರೆ, ನೋಟಿಸ್ ಮೊನ್ನೆ ತಾನೆ ಅಂಟಿಸಿದ್ದು ಅಂತ. ನಾನು ಅಂದೆ, ನನ್ನ ತಂಗೀನೇ ಅಂಟಿಸೋದು, ಅವಳು ಒಂದು ದಿನ ಆಚೀಚೆ ಮಾಡೋಳಲ್ಲ ಅಂತ."

ಮಾರ್ಚ್ 19, ಬುಧವಾರ. ಮಧ್ಯಾಹ್ನ 2

ನಿನ್ನೆ ಐದರವರೆಗೆ ಬಂದ ಆಕ್ಷೇಪಣೆ ಹನ್ನೊಂದು. ಅಕ್ಕನದೊಂದು, ಮೇಷ್ಟ್ರದೊಂದು. ಮೇಷ್ಟ್ರು ಎರಡು ಪುಟ ಬರೆದಿದ್ದಾರೆ, ಮುತ್ತು ಪೋಣಿಸಿದ ಹಾಗೆ ಅಕ್ಷರ. ಮೊದಲ ಅಂಶವೇ ಇದು: "11ರಂದು ಗೋಡೆಯ ಮೇಲೆ ನೋಟಿಸ್ ಇರಲಿಲ್ಲ. 12ರಂದು ಇತ್ತು. ನಾನು ದಿನವೂ ನೋಡುವ ಗೋಡೆ ಅದು."

ಇವತ್ತು ಬೆಳಿಗ್ಗೆ ಹತ್ತಕ್ಕೆ ಕೌಂಟರ್ ತೆರೆದರೆ ಸಾಲು. ಗೇಟಿನಾಚೆಯವರು. ದರ್ಜಿ, ಪೆಟ್ಟಿಗೆ ಅಂಗಡಿಯವನು, ಸ್ಕೂಲ್ ವ್ಯಾನಿನವನು, ಮಗು ಎತ್ತಿಕೊಂಡವರು. ಎಲ್ಲರ ಕೈಯಲ್ಲೂ ಒಂದೊಂದು ಹಾಳೆ. ಮೇಷ್ಟ್ರು ಮನೆಮನೆಗೆ ಹೋಗಿ ಹೇಳಿದ್ದರಂತೆ, ಒಬ್ಬರೇ, ನಡೆದುಕೊಂಡು. ಆರು ದಿನದಲ್ಲಿ ಎಷ್ಟು ಬಾಗಿಲು ತಟ್ಟಲು ಸಾಧ್ಯ.

ಐವತ್ತೆಂಟು ಜನ. ಐವತ್ತೆಂಟು ಸಲ ಹೇಳಿದೆ: "ಅವಧಿ ಮುಗಿದಿದೆ." ಸೀಲಣ್ಣ ಪಕ್ಕದಲ್ಲಿ ನಿಂತು ಅದನ್ನೇ ಸೀಲು ಒತ್ತಿ ವಾಪಸ್ ಕೊಟ್ಟರು. ಯಾರೂ ಜಗಳ ಮಾಡಲಿಲ್ಲ. ದರ್ಜಿ ಮಾತ್ರ "ತಪ್ಪು ನಮ್ಮದೇ ಬಿಡಿ, ಬೋರ್ಡ್ ನೋಡ್ಬೇಕಿತ್ತು" ಅಂದ. ಅವನು ಬೈದಿದ್ದರೆ ಚೆನ್ನಾಗಿತ್ತು.

ತಲೆನೋವು ಎರಡೂ ಕಡೆ.

ಮಾರ್ಚ್ 24, ಸೋಮವಾರ. ಮಧ್ಯಾಹ್ನ 1.30

ಸಾಹೇಬರು ಕರೆಸಿದರು. ಮೇಜಿನ ಮೇಲೆ ಮೇಷ್ಟ್ರ ಎರಡು ಪುಟ, ಪಕ್ಕದಲ್ಲಿ ನನ್ನ ಸರ್ಟಿಫಿಕೇಟ್.

"ನೀವೇ ಅಂಟಿಸಿದ್ದಲ್ವಾ?"

"ಹೌದು ಸರ್."

"ಮೂರನೇ ತಾರೀಖು?"

"ಫೈಲ್‌ನಲ್ಲಿದೆ ಸರ್."

ಕೆಟ್ಟವರಲ್ಲ ಅವರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಗೇಟ್‌ಮ್ಯಾನ್‌ನ ಕೇಳಿಸಿದೆ, ಪಾಳಿ ಬದಲಾಗುತ್ತೆ, ಗೊತ್ತಿಲ್ಲ ಅಂದ. ಪಾಪ, ಮೇಷ್ಟ್ರಿಗೆ ಎಪ್ಪತ್ತೆಂಟಂತೆ. ಮರೆವು. ನೋಡಿಮ್ಮ, ನೋಟಿಸ್ ತಪ್ಪು ಅಂತಾದ್ರೆ ಇಡೀ ಪ್ರಕ್ರಿಯೆ ಬಿದ್ದುಹೋಗುತ್ತೆ. ಹೊಸ ನೋಟಿಸ್, ಹೊಸದಾಗಿ ಆಕ್ಷೇಪಣೆ, ಎಲ್ಲ ಮೊದಲಿಂದ. ಸಹಿ ಹಾಕಿದೋರು ಸಸ್ಪೆಂಡ್. ಅದಕ್ಕೇ ಕೇಳಿದ್ದು."

ಸುಳ್ಳು ಹೇಳಲಿಲ್ಲ. ಫೈಲಲ್ಲಿದೆ ಅಂದೆ. ಇದೆ ತಾನೆ.

ಇಪ್ಪತ್ತೊಂದು ವರ್ಷ ಸರ್ವಿಸು. ಒಂದು ಮೆಮೋ ಇಲ್ಲ. ಈ ಬಾಡಿಗೆ ಮನೆ, ಈ ಮಾತ್ರೆ, ಎಲ್ಲ ಆ ಕುರ್ಚಿಯಿಂದ. ಹೆದರಿಕೆ ಆಗುತ್ತಿದೆ. ಹೆದರಿಕೆ ಅಂತಲೇ ಬರೆಯುತ್ತೇನೆ, ತಲೆನೋವು ಅಂತಲ್ಲ.

ಮಾರ್ಚ್ 27, ಗುರುವಾರ. ಸಂಜೆ 6.30

ಅಕ್ಕನ ಮನೆಗೆ ಹೋಗಬಾರದಿತ್ತು.

ಭಾವ ಆಸ್ಪತ್ರೆಯಿಂದ ಆಗ ತಾನೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿ "ಬಂದ್ಯಾ ಸರ್ಕಾರ?" ಅಂದರು. ಯಾವಾಗಲೂ ಹಾಗೇ ಕರೆಯುವುದು. ಇವತ್ತು ನಗು ಬರಲಿಲ್ಲ.

ಮೇಷ್ಟ್ರು ಬಂದರು. ಸೊರಗಿದ್ದಾರೆ. ಕುಳಿತ ಮೇಲೆ ತಮಾಷೆಯಾಗಿಯೇ ಶುರು ಮಾಡಿದರು. ಆಫೀಸಿನಿಂದ ಮನೆಗೆ ಕಾಗದ ಬಂತಂತೆ, "ದಾಖಲೆಗಳ ಪ್ರಕಾರ ತಮ್ಮ ಹೇಳಿಕೆ ಸರಿಯಲ್ಲ" ಅಂತ. ಸೊಸೆ ಓದಿ ಗಾಬರಿಯಾಗಿ ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳಂತೆ.

"ಗಡಿಯಾರ ಬರೆಸಿದ್ರು ಕಣಮ್ಮ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದ್ರು. ಮೂವತ್ತಾರು ವರ್ಷ ಮಕ್ಕಳಿಗೆ ಬರೆಸಿದವನು ನಾನು. ಎರಡು ಸಲ ಅಳಿಸಿ ಬರೆದೆ."

ಅಕ್ಕ ನೀರು ಕೊಟ್ಟಳು. ಕುಡಿಯಲಿಲ್ಲ. ನನ್ನ ಕಡೆ ತಿರುಗಿದರು.

"ಮೊನ್ನೆಯಿಂದ ಗ್ಯಾಸ್ ಆರಿಸಿದೀನಾ ಅಂತ ನಾಲ್ಕು ಸಲ ಎದ್ದು ನೋಡ್ತೀನಿ. ನೀನೇ ಹೇಳ್ಬಿಡು ತಾಯಿ. ಮೂರನೇ ತಾರೀಖೇ ಅಂಟಿಸಿದ್ದಾ? ಹೌದು ಅಂದ್ರೆ ನಾನು ಒಪ್ಕೊಂಡು ಸುಮ್ಮನಾಗ್ತೀನಿ. ವಯಸ್ಸಾಯ್ತು ಅಂತ ತಿಳ್ಕೊಳ್ತೀನಿ."

ಬಾಯಿ ತೆರೆದೆ. ಅಕ್ಕ ನನಗಿಂತ ಮುಂಚೆ: "ಅವಳು ಸುಳ್ಳು ಹೇಳೋಳಲ್ಲ ಮೇಷ್ಟ್ರೆ. ಚಿಕ್ಕೋಳಿದ್ದಾಗ ಲೋಟ ಒಡೆದ್ರೂ ಚೂರು ಹಿಡ್ಕೊಂಡು ಬಂದು ತೋರಿಸ್ತಿದ್ಲು."

"ಹೂಂ" ಅಂದೆ. ಅಷ್ಟೇ ಅಂದದ್ದು. ಅವರು ತಲೆಯಾಡಿಸಿ ಎದ್ದರು. ಹೊಸಿಲ ಹತ್ತಿರ ನಿಂತು, ತಮ್ಮ ಚಪ್ಪಲಿ ಯಾವುದು ಅಂತ ಅಕ್ಕನನ್ನು ಕೇಳಿದರು. ಅಲ್ಲಿದ್ದದ್ದು ಒಂದೇ ಜೊತೆ ಗಂಡಸರ ಚಪ್ಪಲಿ.

ಏಪ್ರಿಲ್ 1, ಮಂಗಳವಾರ. ಬೆಳಿಗ್ಗೆ 5.40

ನಾಲ್ಕು ದಿನ ಈ ಪುಸ್ತಕ ಮುಟ್ಟಲಿಲ್ಲ. ಬಿ.ಪಿ. 168/104.

ಈಗ ಮೊದಲಿನಿಂದ ಓದಿದೆ. 3ನೇ ತಾರೀಖು — "ಗೇಟಿನದ್ದು ನಾಳೆ." 12 — "ಎಂಟೂವರೆಗೆ ಗೇಟಿನ ಗೋಡೆಗೆ ಅಂಟಿಸಿದೆ." ನನ್ನದೇ ಕೈಬರಹ, ಗಂಟೆ ಸಮೇತ. ಇಡೀ ಊರಲ್ಲಿ ಮೇಷ್ಟ್ರು ಹೇಳಿದ್ದು ನಿಜ ಅಂತ ಸಾಕ್ಷಿ ಇರುವುದು ಇದೊಂದೇ.

ಹರಿದು ಒಲೆಗೆ ಹಾಕಿದರೆ ಮುಗಿಯಿತು. ಕೈ ಹಾಕಿದೆ. ಹೊಲಿದ ಪುಸ್ತಕ, ಒಂದು ಹಾಳೆ ಎಳೆದರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಬಿಟ್ಟೆ.

ನಿನ್ನೆ ಸೀಲಣ್ಣನಿಗೆ ಅರ್ಧ ಹೇಳಿದೆ. ಉಳಿದರ್ಧ ಅವರಿಗೆ ಮೊದಲೇ ಗೊತ್ತಿತ್ತು. "ಗುಂಡಿಗೆ ಬಿದ್ದಿಲ್ಲ, ಅಂಚಲ್ಲಿದೀರಿ. ನೀವಾಗೇ ಯಾಕೆ ಹಾರ್ತೀರಿ? ಶುಕ್ರವಾರ ಸಭೆ ಮುಗೀಲಿ, ಎಲ್ಲ ತಣ್ಣಗಾಗತ್ತೆ" ಅಂದರು. ಒಳ್ಳೆಯ ಮಾತೇ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಏಪ್ರಿಲ್ 3, ಗುರುವಾರ. ಸಂಜೆ 5.10, ಆಫೀಸು

ನಾಳೆಯ ಟೋಕನ್ ಪಟ್ಟಿ ನನ್ನದೇ ಕೆಲಸ. ಕರೆಯುವುದೂ ನಾನೇ. "ನಿಮ್ಮ ದನಿ ಗಟ್ಟಿ" ಅಂದರು ಸಾಹೇಬರು. ಇವತ್ತು ಐದರೊಳಗೆ ಬರೆಸಿದವರಿಗೆ ಮಾತ್ರ ಮೂರು ಮೂರು ನಿಮಿಷ. ಹದಿಮೂರು ಜನ. ಅಕ್ಕ ಐದನೆಯವಳು. ಮೇಷ್ಟ್ರು ಹದಿಮೂರು.

ಐದಕ್ಕೆ ಎರಡು ನಿಮಿಷ ಇದ್ದಾಗ ಕೆಳಗೆ ಹದಿನಾಲ್ಕು ಅಂತ ಬರೆದೆ. ಅದರ ಮುಂದೆ: "ನೋಟಿಸ್ ಅಂಟಿಸಿದವಳು". ಪೆನ್ಸಿಲ್ಲಿನಲ್ಲಿ. ಅಳಿಸಬಹುದು.

ಏಪ್ರಿಲ್ 4, ಶುಕ್ರವಾರ. 10.50, ಸಭಾಂಗಣ

ವೇದಿಕೆಯ ಪಕ್ಕ ನನ್ನ ಮೇಜು. ಪಟ್ಟಿ, ಮೈಕು, ಗಂಟೆ, ಅಳಿಸುವ ರಬ್ಬರು. ರಿಜಿಸ್ಟರಿನ ಮೇಲೆ ಈ ಪುಸ್ತಕ. ನಡಾವಳಿ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾರೆ.

ಸಾಹೇಬರು ಶುರುವಿನಲ್ಲೇ ಓದಿದರು: ನೋಟಿಸ್ ಕೊಟ್ಟು ಮೂವತ್ತೆರಡು ದಿನ, ಬಂದದ್ದು ಹನ್ನೊಂದೇ ಆಕ್ಷೇಪಣೆ, ಬಹುಪಾಲು ಜನರಿಗೆ ತಕರಾರಿಲ್ಲ ಎಂದು ಭಾವಿಸಬಹುದು. ಸಭೆಯಲ್ಲಿ ಗೊಣಗಾಟ. ಆ ಐವತ್ತೆಂಟು ಜನರಲ್ಲಿ ಮುಕ್ಕಾಲು ಮುಖ ಇಲ್ಲಿವೆ. ದರ್ಜಿ ಕೊನೆಯ ಸಾಲಿನಲ್ಲಿ.

11.25

ಅಕ್ಕ ಮಾತಾಡಿದಳು. ಬರೆದು ತಂದಿದ್ದನ್ನು ಓದಲೇ ಇಲ್ಲ. "ನನ್ನ ಗಂಡ ವಾರಕ್ಕೆ ಮೂರು ಸಲ ಬದುಕಿ ಬರ್ತಾರೆ, ಆ ಗೇಟ್ ದಾಟಿ" ಅಂದಳು. ಮೂರು ನಿಮಿಷಕ್ಕೆ ಗಂಟೆ ಬಾರಿಸಬೇಕಾದವಳು ನಾನು. ಬಾರಿಸಲಿಲ್ಲ. ಸಾಹೇಬರು ನೋಡಿದರು. ಆಮೇಲೆ ಬಾರಿಸಿದೆ. ಅಕ್ಕ ಅರ್ಧಕ್ಕೇ ನಿಲ್ಲಿಸಿ, ನನ್ನ ಕಡೆ ನೋಡಿ, ಪರವಾಗಿಲ್ಲ ಅನ್ನುವ ಹಾಗೆ ತಲೆಯಾಡಿಸಿದಳು.

ರಬ್ಬರು ಕೈಯಲ್ಲಿ ಬಿಸಿಯಾಗಿದೆ.

12.10

ಹದಿಮೂರು. ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದಾರೆ. ಸೊಸೆ ತೋಳು ಹಿಡಿದು ಮೈಕಿನವರೆಗೆ ತಂದಳು. ಗೇಟಿನ ಬಗ್ಗೆ ಒಂದು ಮಾತಿಲ್ಲ.

"ನೋಟಿಸಿನ ವಿಷಯವಾಗಿ ನಾನು ಬರೆದದ್ದನ್ನ ವಾಪಸ್ ತಗೋತೀನಿ. ಕಚೇರಿಯವರಿಗೆ ತೊಂದರೆ ಕೊಟ್ಟೆ. ಕ್ಷಮಿಸ್ಬೇಕು. ಇತ್ತೀಚೆಗೆ ನನಗೆ ನೆನಪು..." ಅಲ್ಲಿಗೇ ನಿಲ್ಲಿಸಿದರು. ಮೂರು ನಿಮಿಷದಲ್ಲಿ ಅರ್ಧವನ್ನೂ ಬಳಸಲಿಲ್ಲ. ಯಾರೋ ಪಾಪ ಅಂದರು. ಸಾಹೇಬರು ಮೃದುವಾಗಿ "ಇರಲಿ ಮೇಷ್ಟ್ರೆ, ಆಗುತ್ತೆ" ಅಂದರು. ಅವರು ತಮ್ಮ ಕುರ್ಚಿ ಯಾವುದು ಅಂತ ಹುಡುಕುತ್ತ ನಿಂತಿದ್ದಾರೆ.

ನಾನು ಮಾಡಿದ್ದು ಇದು.

"ಮುಗೀತಲ್ವಾ?" ಅಂತ ಸಾಹೇಬರು ನನ್ನನ್ನು ಕೇಳುತ್ತಿದ್ದಾರೆ. ಫೈಲು ಮುಚ್ಚಲು ಕೈ ಇಟ್ಟಿದ್ದಾರೆ. ಇನ್ನೊಬ್ಬರಿದ್ದಾರೆ ಸರ್ ಅಂದೆ. ಪೆನ್ಸಿಲ್ಲಿನ ಮೇಲೆ ಪೆನ್ನಾಡಿಸಿದೆ. ಅಕ್ಕ ನೋಡುತ್ತಿದ್ದಾಳೆ, ಯಾರಪ್ಪಾ ಇನ್ನು ಅಂತ. ಈ ಪುಸ್ತಕದ 3ನೇ ತಾರೀಖಿಗೆ ಬೆರಳಿಟ್ಟಿದ್ದೇನೆ. ಮೈಕು ನನ್ನ ಹತ್ತಿರವೇ ಇದೆ. ಟೋಕನ್ ಹದಿನಾಲ್ಕು —